ಟಾರ್ಕಲ್‌ಸನ್, ಗ್ರೀನ್, ಕಾರ್ಪೆಂಟರ್: ಟೈಗರ್ಸ್ ಹುಡುಗರು ಬ್ಯಾಟಿಂಗ್ ಕಲಿತ ಬಗೆ

2024ರ ಅಕ್ಟೋಬರ್ 7. ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ಮೈದಾನ ಪ್ರೋಗ್ರೆಸಿವ್ ಫೀಲ್ಡ್. ಒಂಬತ್ತನೇ ಇನ್ನಿಂಗ್, ಇಬ್ಬರು ಔಟ್, ಸ್ಕೋರ್ 0-0. ಎಸೆಯುತ್ತಿದ್ದವನು ಕ್ಲೀವ್‌ಲ್ಯಾಂಡ್ ತಂಡದ ಪಿಚರ್ ಎಮ್ಯಾನುಯೆಲ್ ಕ್ಲಾಸೆ. ಆ ಸೀಸನ್ನಿನಲ್ಲಿ 74 ಇನ್ನಿಂಗ್ ಎಸೆದ ಮೇಲೂ ಅವನ ಲೆಕ್ಕಕ್ಕೆ ಬಿದ್ದದ್ದು ಐದೇ ಐದು ರನ್. ಡೆಟ್ರಾಯಿಟ್ ಟೈಗರ್ಸ್ ಕಡೆಯಿಂದ ಜೇಕ್ ರಾಜರ್ಸ್ ಒಂದು ಸಿಂಗಲ್ (ಮೊದಲ ಬೇಸ್ ತಲುಪಿಸುವ ಹೊಡೆತ) ಹೊಡೆದ, ಹೊಸ ಹುಡುಗ ಟ್ರೇ ಸ್ವೀನಿ ಇನ್ನೊಂದು. ಆಮೇಲೆ ಎಡಗೈ ಬ್ಯಾಟರ್ ಕೆರಿ ಕಾರ್ಪೆಂಟರ್ ಒಂದು ಸ್ಲೈಡರನ್ನು (ಪಕ್ಕಕ್ಕೆ ಜಾರುವ ಎಸೆತ) ಎತ್ತಿ ಬಲಭಾಗದ ಸ್ಟ್ಯಾಂಡಿಗೆ ಕಳಿಸಿದ. ಹೋಮ್ ರನ್! ಬೇಸ್ ಮೇಲಿದ್ದ ಇಬ್ಬರೂ ಅವನೂ ಸೇರಿ 3-0. ಪಂದ್ಯ ಟೈಗರ್ಸ್‌ದಾಯಿತು.

ಟೈಗರ್ಸ್ ತವರು ಮಿಶಿಗನ್‌ನಲ್ಲಿ ಟಿವಿ ಮುಂದೆ ಕೂತಿದ್ದವರಿಗೆ ಇದು ಬರೀ ಒಂದು ಹೋಮ್ ರನ್ ಅಲ್ಲ. ನಾವು 2022 ನೋಡಿದವರು.

ಆ ವರ್ಷ 162 ಪಂದ್ಯಗಳಲ್ಲಿ ಟೈಗರ್ಸ್ ಗಳಿಸಿದ್ದು 557 ರನ್, ಅಂದರೆ ಪಂದ್ಯಕ್ಕೆ ಮೂರೂವರೆಗಿಂತ ಕಡಿಮೆ. ಮೂವತ್ತು ತಂಡಗಳಲ್ಲಿ ಅದೇ ಕೊನೆ. ಹೋಮ್ ರನ್ 110, ಅದೂ ಕೊನೆ. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್ 254 ಹೊಡೆದಿತ್ತು. ಇವೆರಡಕ್ಕಿಂತ ನೋವು ಕೊಡುವ ಅಂಕಿ ಬೇರೆ ಇದೆ: ಬೇಸ್ ತಲುಪಿದ ಪ್ರಮಾಣ .286. ಸಾವಿರ ಸಲ ಬ್ಯಾಟ್ ಹಿಡಿದು ನಿಂತರೆ ಏಳುನೂರಕ್ಕೂ ಹೆಚ್ಚು ಸಲ ಬರಿಗೈಲಿ ವಾಪಸ್. ರೋಗದ ಬೇರು ಈ ಅಂಕಿಯಲ್ಲೇ ಇತ್ತು.

ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣಿಗೆ ಇದು ತಡವಾಗಿ ಕಾಣುತ್ತದೆ. ಟೆಸ್ಟ್‌ನಲ್ಲಿ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಟ್ಟರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಬೇಸ್‌ಬಾಲ್‌ನಲ್ಲಿ ಬಿಡುವುದಕ್ಕೂ ಬೆಲೆಯುಂಟು. ಬ್ಯಾಟರ್ ಪಕ್ಕ ನೆಲದಲ್ಲಿ ಹುದುಗಿಸಿದ ಪ್ಲೇಟಿನ ಅಗಲ 17 ಇಂಚು. ಸ್ಟ್ರೈಕ್ ವಲಯವೆಂದರೆ ಆ ಅಗಲದ ಮೇಲೆ, ಮೊಣಕಾಲಿನಿಂದ ಹೆಚ್ಚುಕಡಿಮೆ ಎದೆಯವರೆಗಿನ ಜಾಗ. ಅದರ ಹೊರಗೆ ಬಂದ ನಾಲ್ಕು ಚೆಂಡುಗಳನ್ನು ಬಿಟ್ಟರೆ ಮೊದಲ ಬೇಸ್ ಪುಕ್ಕಟೆ. ಹೊರಗಿನ ಚೆಂಡಿಗೆ ಬ್ಯಾಟ್ ಬೀಸಿ ತಪ್ಪಿದರೆ ಅದೂ ಸ್ಟ್ರೈಕ್; ಮೂರಾದರೆ ಔಟ್. ಎರಡು ಸ್ಟ್ರೈಕ್ ಬಿದ್ದ ಮೇಲೆ ಇಡೀ ಲೀಗಿನ ಬ್ಯಾಟಿಂಗ್ ಸರಾಸರಿಯೇ (ಹೊಡೆದು ಬೇಸ್ ತಲುಪಿದ ಪಾಲು) .170ರ ಆಸುಪಾಸಿಗೆ ಇಳಿಯುತ್ತದೆ. ಟೈಗರ್ಸ್ ಬ್ಯಾಟರ್‌ಗಳು ತಾವಾಗಿ ಆ ಹಳ್ಳಕ್ಕೆ ಇಳಿಯುತ್ತಿದ್ದರು. ಆರು ವರ್ಷಕ್ಕೆ 14 ಕೋಟಿ ಡಾಲರ್ ಕೊಟ್ಟು ತಂದ ಹವಿಯರ್ ಬಾಯೆಸ್, ಹೊರಗೆ ಜಾರುವ ಸ್ಲೈಡರಿನ ಹಿಂದೆ ಹೋಗುವುದನ್ನು ನಿಲ್ಲಿಸಲೇ ಇಲ್ಲ. ಎದುರಾಳಿಗಳಿಗೆ ಒಳ್ಳೆಯ ಚೆಂಡು ಎಸೆಯುವ ಅಗತ್ಯವೇ ಬೀಳಲಿಲ್ಲ.

ನಿರ್ಧಾರಕ್ಕೆ ಸಿಗುವ ಸಮಯವಾದರೂ ಎಷ್ಟು? ಗಂಟೆಗೆ 95 ಮೈಲಿಯ ಫಾಸ್ಟ್‌ಬಾಲ್ ಪಿಚರ್ ಕೈಬಿಟ್ಟ 0.4 ಸೆಕೆಂಡಿನಲ್ಲಿ ಪ್ಲೇಟ್ ಮೇಲಿರುತ್ತದೆ. ಬ್ಯಾಟ್ ಬೀಸುವುದಕ್ಕೇ ಅದರಲ್ಲಿ ಹೆಚ್ಚುಕಡಿಮೆ 0.15 ಸೆಕೆಂಡ್ ಹೋಗುತ್ತದೆ. ಉಳಿದದ್ದರಲ್ಲಿ ಕಣ್ಣು ನೋಡಬೇಕು, ಮನಸ್ಸು ಬೇಕು-ಬೇಡ ಅನ್ನಬೇಕು. ಹಾಗಾಗಿ ಬ್ಯಾಟರ್ ಎಲ್ಲ ಚೆಂಡಿಗೂ ತಯಾರಾಗಿ ನಿಲ್ಲಲಾರ. ವಲಯದ ಒಂದು ಭಾಗ, ಒಂದು ವೇಗ ಎಂದು ಮೊದಲೇ ಆರಿಸಿಕೊಂಡು ನಿಲ್ಲಬೇಕು. ಈ ಆರಿಸಿಕೊಳ್ಳುವಿಕೆ ಕಲಿಯಲು ವರ್ಷಗಳು ಬೇಕು.

ಇನ್ನು ತಾಗುವ ಜಾಗ. ಬ್ಯಾಟಿನ ಅತಿ ದಪ್ಪ ಭಾಗ ಎರಡೂವರೆ ಇಂಚಿನ ಚಿಲ್ಲರೆ, ಚೆಂಡು ಮೂರು ಇಂಚಿಗೂ ಸ್ವಲ್ಪ ಕಡಿಮೆ, ಎರಡೂ ದುಂಡಗೆ. ಬ್ಯಾಟು ಬೇಕಾದದ್ದಕ್ಕಿಂತ ಅರ್ಧ ಇಂಚು ಕೆಳಗೆ ತಾಗಿದರೆ ಚೆಂಡು ನೆಟ್ಟಗೆ ಮೇಲೇರಿ ಇನ್‌ಫೀಲ್ಡಿನಲ್ಲೇ ಸುಲಭದ ಕ್ಯಾಚ್. ಅರ್ಧ ಇಂಚು ಮೇಲೆ ತಾಗಿದರೆ ನೆಲ ಕಚ್ಚಿ ಶಾರ್ಟ್‌ಸ್ಟಾಪ್ (ಎರಡನೇ-ಮೂರನೇ ಬೇಸ್ ನಡುವಿನ ಫೀಲ್ಡರ್) ಕೈಗೆ. ಸರಿಯಾಗಿ ತಾಗಿ, ಗಂಟೆಗೆ 100 ಮೈಲಿ ವೇಗದಲ್ಲಿ 28 ಡಿಗ್ರಿ ಕೋನದಲ್ಲಿ ಎದ್ದ ಚೆಂಡು ಸುಮಾರು 400 ಅಡಿ ಹೋಗುತ್ತದೆ. ಎಷ್ಟೋ ಕಡೆ ಅದು ಹೋಮ್ ರನ್. ಡೆಟ್ರಾಯಿಟಿನ ಕಾಮೆರಿಕಾ ಪಾರ್ಕ್‌ನಲ್ಲಿ ಆಗ ನಡು ಗೋಡೆಯ ಮೇಲೆ 420 ಎಂದು ಬರೆದಿತ್ತು! ನಡುವಿಗೆ ಹೊಡೆದ ಒಳ್ಳೊಳ್ಳೆ ಹೊಡೆತಗಳು ಕ್ಯಾಚ್ ಆಗಿ ಮುಗಿಯುತ್ತಿದ್ದವು. 2023ಕ್ಕೆ ಮುನ್ನ ಅದನ್ನು 412ಕ್ಕೆ ತಂದು, ಗೋಡೆಯ ಎತ್ತರವನ್ನೂ ಏಳಡಿಗೆ ಇಳಿಸಿದರು. ಸರಿಯಾದ ಕೆಲಸ. ಆದರೆ 110 ಹೋಮ್ ರನ್ನಿನ ಹೊಣೆಯನ್ನೆಲ್ಲ ಗೋಡೆಯ ತಲೆಗೆ ಕಟ್ಟುವುದು ಸುಳ್ಳು.

ಹುಡುಗರ ವಿಷಯಕ್ಕೆ ಬರೋಣ. ಸ್ಪೆನ್ಸರ್ ಟಾರ್ಕಲ್‌ಸನ್ 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮ) ದೇಶಕ್ಕೇ ಮೊದಲಿಗ. 2022ರಲ್ಲಿ ಅವನ ಸರಾಸರಿ .203, ಹೋಮ್ ರನ್ ಎಂಟು. ಜುಲೈನಲ್ಲಿ ಅವನನ್ನು ಟೊಲೀಡೋಗೆ, ಅಂದರೆ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಮಡ್ ಹೆನ್ಸ್ ತಂಡಕ್ಕೆ ಕಳಿಸಿದರು. ಮರುವರ್ಷ 31 ಹೋಮ್ ರನ್. ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ 2024ರ ಜೂನ್‌ನಲ್ಲಿ ಮತ್ತೆ ಟೊಲೀಡೋ; ಆಗ ಅವನದು .201, ಹೋಮ್ ರನ್ ನಾಲ್ಕು. ಆಗಸ್ಟ್‌ನಲ್ಲಿ ಮರಳಿದ. 2025ರಲ್ಲಿ ಪುನಃ 31. ಕೆಳಗೆ ಕಳಿಸುವುದನ್ನು ಶಿಕ್ಷೆ ಎಂದು ಕೂಗುವವರು ಬಹಳ ಮಂದಿ. ದೊಡ್ಡ ಲೀಗಿನಲ್ಲಿ ಬೀಸುವ ಕ್ರಮ ಬದಲಿಸಲು ಹೋದರೆ ಪ್ರತಿ ರಾತ್ರಿಯೂ ಸ್ಕೋರ್‌ಬೋರ್ಡ್ ಮಾನ ಕಳೆಯುತ್ತದೆ. ಟೊಲೀಡೋದಲ್ಲಿ ಒಂದು ವಾರ ಸೋತರೂ ಸೋಲು ಅಭ್ಯಾಸದ ಲೆಕ್ಕಕ್ಕೆ ಹೋಗುತ್ತದೆ. ಎರಡೂ ಸಲ ಅದು ಸರಿಯಾದ ತೀರ್ಮಾನವೇ ಆಗಿತ್ತು ಎಂದು ನನ್ನ ಖಚಿತ ಅಭಿಪ್ರಾಯ.

ಕಾರ್ಪೆಂಟರ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. 2019ರ ಡ್ರಾಫ್ಟ್‌ನ 19ನೇ ಸುತ್ತಿನಲ್ಲಿ ಸಿಕ್ಕವನು, ಯಾರ ಬಾಯಲ್ಲೂ ಹೆಸರಿರಲಿಲ್ಲ. ಬೀಸುವ ರೀತಿಯನ್ನೇ ಬುಡದಿಂದ ತಿದ್ದಿಕೊಂಡು ಬಂದು 2022ರಲ್ಲಿ ಮೈನರ್ ಲೀಗುಗಳಲ್ಲೇ 30 ಹೋಮ್ ರನ್ ಹೊಡೆದ. ಮ್ಯಾನೇಜರ್ ಎ. ಜೆ. ಹಿಂಚ್ ಅವನನ್ನು ಹೆಚ್ಚಾಗಿ ಬಲಗೈ ಪಿಚರ್‌ಗಳೆದುರೇ ಇಳಿಸುತ್ತಾರೆ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಸ್ಲೈಡರ್ ಬೆನ್ನ ಹಿಂದಿನಿಂದ ಬಂದು ಹೊರಕ್ಕೆ ಓಡುತ್ತದೆ. ಬಲಗೈಯವನ ಸ್ಲೈಡರ್ ಒಳಕ್ಕೆ, ಬ್ಯಾಟಿನ ಕಡೆಗೇ ತಿರುಗುತ್ತದೆ. ಕ್ಲಾಸೆ ಬಲಗೈಯವನು.

ಇವರೆಲ್ಲರಲ್ಲಿ ಹುಟ್ಟು ಬ್ಯಾಟರ್ ರೈಲಿ ಗ್ರೀನ್. 2019ರ ಡ್ರಾಫ್ಟ್‌ನ ಐದನೆಯವನು. 2022ರ ವಸಂತದ ಅಭ್ಯಾಸ ಪಂದ್ಯದಲ್ಲಿ ತಾನೇ ಹೊಡೆದ ಚೆಂಡು ಪಾದಕ್ಕೆ ಬಡಿದು ಮೂಳೆ ಮುರಿಯಿತು. ಜೂನ್ 18ಕ್ಕೆ ಮೊದಲ ಪಂದ್ಯ. ಜುಲೈ 2ರಂದು ಕಾನ್ಸಾಸ್ ಸಿಟಿ ಎದುರು ಅವನ ಮೊದಲ ಹೋಮ್ ರನ್ನೇ ಪಂದ್ಯ ಮುಗಿಸಿದ ಹೊಡೆತವಾಯಿತು. ಆ ಬರಗಾಲದ ವರ್ಷದಲ್ಲಿ ನಮಗೆ ಸಿಕ್ಕ ದೊಡ್ಡ ಸಂತೋಷ ಅದೇ.

2024ರಲ್ಲಿ ಗ್ರೀನ್ 24 ಹೋಮ್ ರನ್ ಹೊಡೆದ, ಬೇಸ್ ತಲುಪಿದ ಪ್ರಮಾಣ .348. 2025ರಲ್ಲಿ ಹೋಮ್ ರನ್ 36ಕ್ಕೆ ಏರಿತು, 111 ರನ್ ತಂದುಕೊಟ್ಟ. ಆದರೆ 201 ಸಲ ಸ್ಟ್ರೈಕ್ ಔಟ್ ಆದ, ಬೇಸ್ ತಲುಪಿದ ಪ್ರಮಾಣ .313ಕ್ಕೆ ಕುಸಿಯಿತು. ಪತ್ರಿಕೆಗಳು 36ನ್ನು ಹೊಗಳುತ್ತವೆ. ನನಗೆ 28 ಹೋಮ್ ರನ್ ಸಾಕು, ಬೇಸ್ ತಲುಪಿದ ಪ್ರಮಾಣ .350 ಬೇಕು. 557 ರನ್ನಿನ ವರ್ಷ ಇಡೀ ತಂಡವನ್ನು ಮಲಗಿಸಿದ ಅದೇ ಆತುರ ಈಗ ತಂಡದ ಅತ್ಯುತ್ತಮ ಬ್ಯಾಟರ್‌ಗೆ ಅಂಟಿದೆ, ಕೋಚ್‌ಗಳು ಮೊದಲು ಹಿಡಿಯಬೇಕಾದದ್ದು ಅದನ್ನೇ.