ಮೂರು ಚಾನೆಲ್ ಸಾಕು ಅಂದರೂ ಕೊಡೋದಿಲ್ಲ

ಕಾರವಾರದಲ್ಲಿ ಮಳೆಗಾಲಕ್ಕೆ ಮನೆ ಮೇಲಿನ ಡಿಶ್ ನಂಬಿಕೊಂಡರೆ ಆಗುವುದಿಲ್ಲ. ಮಳೆ ಜೋರಾದ ಕೂಡಲೇ ಸಿಗ್ನಲ್ ಹೋಗುತ್ತದೆ. ಸಣ್ಣ ಡಿಶ್‌ಗೆ ಬರುವ ಕೂ ಬ್ಯಾಂಡ್ ತರಂಗಗಳು ದಟ್ಟ ಮಳೆಯಲ್ಲಿ ಸೊರಗುತ್ತವೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಕೇಬಲ್‌ನವರ ಕಂಟ್ರೋಲ್ ರೂಮಿನ ದೊಡ್ಡ ಡಿಶ್‌ಗಳು ಹಿಡಿಯುವ ಸಿ ಬ್ಯಾಂಡ್‌ಗೆ ಮಳೆಯ ಕಾಟ ಕಡಿಮೆ. ಹಾಗಾಗಿ ಕೋಡಿಬಾಗದ ನಮ್ಮ ಓಣಿಯಲ್ಲಿ ಈಗಲೂ ತೆಂಗಿನ ಮರದಿಂದ ಮರಕ್ಕೆ ಕಪ್ಪು ವೈರ್ ಎಳೆದಿರುವುದು ಕಾಣುತ್ತದೆ. ಕೇಬಲ್ ಬಿಡಿ ಅಂತ ಹೇಳುವವರಿಗೆ ಇದು ಗೊತ್ತಿರಲಿ ಅಂತ ಮೊದಲೇ ಬರೆದೆ.

2023ರ ಜೂನ್‌ನಲ್ಲಿ ಒಂದು ಸಂಜೆ ಆಯಿ ಧಾರಾವಾಹಿ ನೋಡಲು ಕೂತಾಗ ಚಾನೆಲ್ ಬರಲಿಲ್ಲ. ಇದಕ್ಕೆ ನೀವು ಚಂದಾದಾರರಲ್ಲ ಅಂತ ಪರದೆ ಮೇಲೆ ಒಂದು ಸಾಲು ಬಂತು. ತಿಂಗಳ ದುಡ್ಡು ಕಟ್ಟಿ ವಾರವೂ ಆಗಿರಲಿಲ್ಲ. ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ ಹಳೇ ಪ್ಯಾಕ್ ನಿಂತಿದೆ, ಹೊಸದಕ್ಕೆ 330 ರೂಪಾಯಿ ಅಂದ. ಮೊದಲು 270 ಇತ್ತು. ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಮಾರನೇ ದಿನ ಮಳೆಯಲ್ಲೇ ಕೇಬಲ್ ಆಫೀಸಿಗೆ ಹೋದೆ. ಗೋಡೆ ಮೇಲೆ ಬಣ್ಣಬಣ್ಣದ ಪೋಸ್ಟರ್ ಇತ್ತು. ಬರೀ ಪ್ಯಾಕ್‌ಗಳು. ಆಯಿ ನೋಡುವುದು ಕನ್ನಡದ ಮೂರು ಮನರಂಜನೆ ಚಾನೆಲ್ ಅಷ್ಟೇ. ಅಪ್ಪನಿಗೆ ಸುದ್ದಿ ಬೇಕು, ಕನ್ನಡದ ಸುದ್ದಿ ಚಾನೆಲ್‌ಗಳು ಹೆಚ್ಚಿನವು ಫ್ರೀ. ಚಂದನ ಹೇಗೂ ಬರುತ್ತದೆ, ದೂರದರ್ಶನದ ಚಾನೆಲ್‌ಗಳನ್ನು ಎಲ್ಲರಿಗೂ ಕೊಡುವುದು ಕಡ್ಡಾಯ. ಪೋಸ್ಟರ್‌ನಲ್ಲಿದ್ದ 330ರ ಪ್ಯಾಕ್‌ನಲ್ಲಿ ಇದೆಲ್ಲದರ ಜೊತೆಗೆ ಮಕ್ಕಳ ಕಾರ್ಟೂನ್, ಕ್ರೀಡೆ, ಇಂಗ್ಲಿಷ್ ಸಿನಿಮಾ, ಅಡುಗೆ ಎಲ್ಲ ತುಂಬಿದ್ದರು. ನಮ್ಮ ಮನೆಯಲ್ಲಿ ಮಕ್ಕಳಿಲ್ಲ, ಕ್ರಿಕೆಟ್ ನಾನು ಮೊಬೈಲಿನಲ್ಲಿ ನೋಡುತ್ತೇನೆ.

ಈ ಮೂರು ಬಿಡಿಯಾಗಿ ಹಾಕಿಕೊಡಿ ಅಂದೆ. ಅಲ್ಲಿ ಕೂತಿದ್ದವರು ತಲೆ ಎತ್ತಿ ನೋಡಿದರು. 'ಬಿಡಿ ಚಾನೆಲ್ ಯಾರೂ ಕೇಳೋದಿಲ್ಲ ಮಾರಾಯ್ರೆ, ನಿಮಗೆ ಅದೇ ಜಾಸ್ತಿ ಬೀಳ್ತದೆ, ಸುಮ್ನೆ ಪ್ಯಾಕ್ ತಗೊಳ್ಳಿ' ಅಂದರು. ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಕೇಳಿದವನಿಗೆ ಇಡೀ ಬುಟ್ಟಿ ಹೊರಿಸಿದರೆ ನಾವು ಸುಮ್ಮನಿರುತ್ತೇವಾ?

ನಿಯಮ ನಮ್ಮ ಕಡೆಗೇ ಇದೆ. ಬೇಕಾದ ಚಾನೆಲ್ ಮಾತ್ರ ಆರಿಸಿ ಅಷ್ಟಕ್ಕೇ ದುಡ್ಡು ಕೊಡುವ ಹಕ್ಕು ನೋಡುಗನದು ಅಂತ ಟ್ರಾಯ್, ಅಂದರೆ ಫೋನ್ ಮತ್ತು ಟಿವಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ, 2017ರಲ್ಲೇ ಆದೇಶ ಹೊರಡಿಸಿತ್ತು. ಪ್ರಸಾರ ಕಂಪನಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಟ್ರಾಯ್ ಪರ ತೀರ್ಪು ಕೊಟ್ಟಿತು, 2019ರ ಫೆಬ್ರವರಿಯಿಂದ ಹೊಸ ಪದ್ಧತಿ ಬಂತು. ಪ್ರತಿ ಚಾನೆಲ್‌ಗೂ ಬಿಡಿ ಬೆಲೆ ಇರಬೇಕು, ಅದು ಟಿವಿಯ ಮೆನುವಿನಲ್ಲಿ ಕಾಣಬೇಕು, ಕೇಳಿದವರಿಗೆ ಕೊಡಬೇಕು. ಇದೆಲ್ಲ ಬರೆದಿಟ್ಟ ಮಾತು.

ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಮೂರು ಚಾನೆಲ್, ತಲಾ 19 ರೂಪಾಯಿ, ಒಟ್ಟು 57. ಯಾವ ಚಾನೆಲ್ ನೋಡಿದರೂ ನೋಡದಿದ್ದರೂ ಕೊಡಲೇಬೇಕಾದ ನೆಟ್‌ವರ್ಕ್ ಶುಲ್ಕ ಆಗ 130 ರೂಪಾಯಿ. ಸೇರಿಸಿದರೆ 187. ಅದರ ಮೇಲೆ 18 ಶೇಕಡಾ ಜಿಎಸ್‌ಟಿ. 220 ರೂಪಾಯಿ 66 ಪೈಸೆ. ತಿಂಗಳಿಗೆ ನೂರಕ್ಕೂ ಮೇಲೆ ಉಳಿಯುತ್ತದೆ. ಜಾಸ್ತಿ ಬೀಳ್ತದೆ ಅನ್ನುವ ಮಾತು ನಮ್ಮ ಮನೆಯ ಮಟ್ಟಿಗೆ ಸುಳ್ಳು.

ಆದರೆ ಎಲ್ಲರ ಮನೆಗೂ ಸುಳ್ಳಲ್ಲ, ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ. ಒಂದೇ ಕಂಪನಿಯ ಹತ್ತು ಚಾನೆಲ್ ಇವೆ ಅಂದುಕೊಳ್ಳಿ. ಜನ ನೋಡುವ ಎರಡಕ್ಕೆ ತಲಾ 19, ಉಳಿದ ಎಂಟಕ್ಕೆ ಸಣ್ಣ ಸಣ್ಣ ಬೆಲೆ, ಎಲ್ಲ ಸೇರಿ 60. ಗೊಂಚಲಾಗಿ ಕೊಟ್ಟರೆ 45 ಶೇಕಡಾವರೆಗೆ ರಿಯಾಯಿತಿ ಕೊಡಬಹುದು, 2023ರ ಫೆಬ್ರವರಿಯಿಂದ ಅದು ಮಿತಿ. ಅಂದರೆ ಹತ್ತೂ ಸೇರಿ 33 ರೂಪಾಯಿ. ನಿಮಗೆ ಬೇಕಾದ ಎರಡನ್ನು ಮಾತ್ರ ಬಿಡಿಯಾಗಿ ಕೇಳಿದರೆ 38! ಎರಡಕ್ಕಿಂತ ಹತ್ತು ಅಗ್ಗ. ಹೀಗಿರುವಾಗ ಯಾರು ಬಿಡಿಯಾಗಿ ಕೇಳುತ್ತಾರೆ? ಬೇಡದ ಎಂಟು ಚಾನೆಲ್ ನಮ್ಮ ಮನೆಯೊಳಗೆ ಬಂದು ಕೂರುತ್ತವೆ, ಇಷ್ಟು ಮನೆಗಳಲ್ಲಿ ನಮ್ಮ ಚಾನೆಲ್ ಇದೆ ಅಂತ ತೋರಿಸಿ ಅವರು ಜಾಹೀರಾತು ಹಿಡಿಯುತ್ತಾರೆ. ಮೊದಲು ಇದು ಇನ್ನೂ ಕೆಟ್ಟದಾಗಿತ್ತು. 70 ಶೇಕಡಾವರೆಗೆ ರಿಯಾಯಿತಿ ಕೊಡುತ್ತಿದ್ದಾರೆ ಅಂತ ಟ್ರಾಯ್ 2019ರಲ್ಲಿ ತಾನೇ ಹೇಳಿತ್ತು. ಗೊಂಚಲಿಗೆ ಸೇರಿಸುವ ಚಾನೆಲ್‌ನ ಬೆಲೆ 12 ರೂಪಾಯಿ ದಾಟಬಾರದು ಅಂತ 2020ರಲ್ಲಿ ನಿಯಮ ತಂದರು, 2022ರ ನವೆಂಬರ್‌ನಲ್ಲಿ ಅದನ್ನು ಮತ್ತೆ 19ಕ್ಕೆ ಏರಿಸಿದರು. ದುಡ್ಡು ಕೊಟ್ಟು ನೋಡುವ ಚಾನೆಲ್‌ನಲ್ಲೂ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶ ಇದೆ, ಅದು ಬೇರೆ.

ಕೇಬಲ್ ಆಫೀಸಿನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ನೆಟ್‌ವರ್ಕ್ ಶುಲ್ಕದ 130ರಲ್ಲಿ 55 ಶೇಕಡಾ ಊರಿನವರಿಗೆ ಸಿಗ್ನಲ್ ಕೊಡುವ ಮೇಲಿನ ದೊಡ್ಡ ಆಪರೇಟರ್‌ಗೆ, 45 ಶೇಕಡಾ ಊರಿನ ಕೇಬಲ್‌ನವರಿಗೆ. ಅಂದರೆ ಆಗ ಮನೆಯೊಂದಕ್ಕೆ 58 ರೂಪಾಯಿ 50 ಪೈಸೆ. ಗಾಳಿಗೆ ತೆಂಗಿನ ಗರಿ ಬಿದ್ದು ವೈರ್ ಹರಿದರೆ ಮಳೆಯಲ್ಲಿ ಏಣಿ ಹಾಕುವವನು ಆ ಹುಡುಗನೇ. ಪ್ಯಾಕ್ ಮಾಡುವುದು, ಬೆಲೆ ಏರಿಸುವುದು ಅವನ ಕೈಯಲ್ಲಿಲ್ಲ. ಬೈಗುಳ ಮಾತ್ರ ಅವನಿಗೇ.

ನನ್ನ ಲೆಕ್ಕದ ಕಾಗದ ನೋಡಿದ ಮೇಲೆ ಆಫೀಸಿನವರು ಹುಬ್ಬಳ್ಳಿಯ ಮೇಲಿನವರಿಗೆ ಫೋನ್ ಮಾಡಿದರು. ತುಂಬಾ ಹೊತ್ತು ಮಾತಾಯಿತು. ಆಗುವುದಿಲ್ಲ ಅಂತ ಎರಡು ಸಲ ಅಂದರು, ಬರೆದುಕೊಡಿ ಅಂತ ನಾನು ಕೇಳಿದ ಮೇಲೆ ಆಯಿತು. ರಾತ್ರಿ ಎರಡು ಚಾನೆಲ್ ಬಂದವು. ಮೂರನೆಯದಕ್ಕೆ ಮತ್ತೆ ಫೋನ್ ಮಾಡಬೇಕಾಯಿತು. ಅಂತೂ ಬಿಲ್ಲು 221ಕ್ಕೆ ಇಳಿಯಿತು.

ಇದನ್ನು ಕೇಳಿ ಪಕ್ಕದ ಮನೆಯವರು ತಮ್ಮ ಲೆಕ್ಕವನ್ನೂ ಮಾಡಿಕೊಡು ಅಂದರು. ಅವರ ಯಜಮಾನರು ಬೈತಕೋಲ ಬಂದರಿನ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಎರಡು ತಿಂಗಳು ಸಂಪಾದನೆ ಇಲ್ಲ, ಎಲ್ಲರೂ ಮನೆಯಲ್ಲೇ, ಹೊರಗೆ ಮಳೆ, ಟಿವಿ ಬಿಟ್ಟರೆ ಬೇರೆ ಎಂತ ಇದೆ? ಮನೆಯಲ್ಲಿ ಕೊಂಕಣಿ ಮಾತು, ಅತ್ತೆಗೆ ಮರಾಠಿ ಧಾರಾವಾಹಿ ಬೇಕು, ಸೊಸೆಗೆ ಕನ್ನಡದ್ದು. ಕಾರವಾರದಲ್ಲಿ ಇಂಥ ಮನೆಗಳೇ ಜಾಸ್ತಿ ಅಲ್ವಾ? ಆದರೆ ಇಲ್ಲಿ ಮಾರುವ ಕನ್ನಡ ಪ್ಯಾಕ್‌ನಲ್ಲಿ ಮರಾಠಿ ಇಲ್ಲ, ಅದಕ್ಕೆ ಮೇಲಿಂದ ಇನ್ನೊಂದು ಪ್ಯಾಕ್ ಹಾಕಿಸಬೇಕು. ಅವರು 400ರ ಹತ್ತಿರ ಕಟ್ಟುತ್ತಿದ್ದರು. ಕನ್ನಡದ ಎರಡು, ಮರಾಠಿಯ ಎರಡು ಬಿಡಿಯಾಗಿ ಹಾಕಿದರೆ ತೆರಿಗೆ ಸೇರಿ 243. ಸಂಪಾದನೆ ಇಲ್ಲದ ತಿಂಗಳಲ್ಲಿ 150 ರೂಪಾಯಿ ಸಣ್ಣದಲ್ಲ. ಆದರೆ ಅವರು ಆಫೀಸಿಗೆ ಹೋಗಿ ಕೇಳಿದಾಗ ಮತ್ತೆ ಅದೇ ಉತ್ತರ, ಬಿಡಿ ಕೊಡೋದಿಲ್ಲ. ನಾನು ಜೊತೆಗೆ ಹೋದ ಮೇಲೆ ಕೊಟ್ಟರು. ಇದಕ್ಕೆ ಜೊತೆಗೊಬ್ಬರು ಬೇಕಾ? ನಿಯಮ ಎಲ್ಲರಿಗೂ ಒಂದೇ ತಾನೇ?

2024ರ ಜುಲೈನಲ್ಲಿ ಟ್ರಾಯ್ ಆ ನೆಟ್‌ವರ್ಕ್ ಶುಲ್ಕದ ಮಿತಿಯನ್ನೂ ತೆಗೆದಿದೆ. 130 ಅನ್ನುವ ಗೆರೆ ಈಗಿಲ್ಲ, ಎಷ್ಟು ಹಾಕಬೇಕು ಅನ್ನುವುದು ಕಂಪನಿಗಳಿಗೆ ಬಿಟ್ಟದ್ದು. ಆದ್ದರಿಂದ ಬಿಲ್ಲನ್ನು ಈಗ ಇನ್ನೂ ಬಿಡಿಸಿ ನೋಡಬೇಕು, ಶುಲ್ಕ ಎಷ್ಟು, ಚಾನೆಲ್‌ಗೆ ಎಷ್ಟು, ತೆರಿಗೆ ಎಷ್ಟು. ಬಿಡಿ ಚಾನೆಲ್‌ಗಳ ದರಪಟ್ಟಿಯನ್ನು ಕನ್ನಡದಲ್ಲಿ ಪೋಸ್ಟರ್ ಪಕ್ಕವೇ ಹಚ್ಚಿ ಅಂತ ಕೇಬಲ್ ಆಫೀಸಿನಲ್ಲಿ ಕೇಳಿದ್ದೇನೆ. ಇನ್ನೂ ಹಚ್ಚಿಲ್ಲ. ಮುಂದಿನ ತಿಂಗಳು ದುಡ್ಡು ಕಟ್ಟಲು ಹೋಗುವಾಗ ನಾನೇ ಒಂದು ಪ್ರಿಂಟ್ ತೆಗೆದುಕೊಂಡು ಹೋಗುತ್ತೇನೆ.