ಹಸಿರು ದೀಪ ನಂಬಿ ಹೊರಟ ದಿನ

ಕತ್ತಲಾಗಲು ಇನ್ನೂ ಅರ್ಧ ಗಂಟೆ ಇತ್ತು. ಚುಕ್ಕಾಣಿ ನೋಡಿಕೊಳ್ಳುತ್ತಿದ್ದ ಆಟೋಪೈಲಟ್ ಒಮ್ಮೆ ಗುರ್ ಅಂದು ಸುಮ್ಮನಾಯಿತು. ದೋಣಿ ತನ್ನಷ್ಟಕ್ಕೆ ಗಾಳಿಯ ಕಡೆ ಮುಖ ತಿರುಗಿಸಿತು, ಹಾಯಿ ಪಟಪಟ ಬಡಿಯತೊಡಗಿತು. ನಾನು ಚುಕ್ಕಾಣಿಗೆ ಕೈ ಹಾಕಿದೆ. ಗೆಳೆಯ ಒಳಗೆ ಹೋಗಿ ದೀಪದ ಸ್ವಿಚ್ ಒತ್ತಿದ. ಹಾಯಿ ಹೊರುವ ಕಂಬದ, ಅಂದರೆ ಕೂವೆಮರದ ತುದಿಯ ದೀಪ ಆರುವ ಕೆಂಡದ ಹಾಗೆ ಕೆಂಪಗೆ ಮಿಣುಕಿತು, ಅಷ್ಟೇ.

"ರೇಡಿಯೋ ನೋಡೋ" ಅಂದೆ. ರೇಡಿಯೋದಲ್ಲಿ ಬೇರೆಯವರ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ನಾವು ಮಾತಾಡಲು ಗುಂಡಿ ಒತ್ತಿದರೆ ಮಾತ್ರ ಇಡೀ ಪೆಟ್ಟಿಗೆಯೇ ಆರಿಹೋಗುತ್ತಿತ್ತು. ಸುಮ್ನೆ ಕೇಳುತ್ತಾ ಕೂರಲು ಅದಕ್ಕೆ ಅರ್ಧ ಆಂಪಿಯರ್ ಸಾಕು. ಪೂರ್ತಿ 25 ವ್ಯಾಟ್‌ನಲ್ಲಿ ಮಾತು ಕಳಿಸಲು ಐದಾರು ಆಂಪಿಯರ್ ಬೇಕು. ಸೊರಗಿದ ಬ್ಯಾಟರಿಗೆ ಅಷ್ಟು ತ್ರಾಣ ಎಲ್ಲಿಂದ ಬರಬೇಕು? ಎಲ್ಲರ ಸುದ್ದಿ ನಮ್ಮ ಕಿವಿಗೆ ಬೀಳುತ್ತಿತ್ತು, ನಮ್ಮ ಸುದ್ದಿ ಯಾರಿಗೂ ಮುಟ್ಟುತ್ತಿರಲಿಲ್ಲ.

ಬೆಳಿಗ್ಗೆ ನೋಡಿಕೊಂಡೇ ಹೊರಟಿದ್ದೆ. ಅದೇ ಸಿಟ್ಟು. ಸೋಲಾರ್ ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆ, ಅಂದರೆ ಚಾರ್ಜ್ ಕಂಟ್ರೋಲರ್ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಹಸಿರು ಅಂದ್ರೆ ಎಲ್ಲ ಸರಿ ಅಂತ ಅಲ್ವಾ? ಅಲ್ಲ. ನನ್ನ ಕಂಟ್ರೋಲರ್‌ನಲ್ಲಿ ಹಸಿರು ಅಂದ್ರೆ ಪ್ಯಾನೆಲ್‌ನಿಂದ ಏನೋ ಒಂದಿಷ್ಟು ಬರುತ್ತಿದೆ ಅಂತ. ಎಷ್ಟು ಬರುತ್ತಿದೆ, ಬ್ಯಾಟರಿಯಲ್ಲಿ ಎಷ್ಟಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಓದಿ ತಿಳಿದದ್ದು ಮಾರನೇ ದಿನ.

ಆ ಸಂಜೆ ಟಾರ್ಚ್ ನಮ್ಮನ್ನು ಕಾಪಾಡಿತು. ಸಮುದ್ರದ ಮೇಲೆ ಡಿಕ್ಕಿ ತಪ್ಪಿಸುವ 1972ರ ಅಂತಾರಾಷ್ಟ್ರೀಯ ನಿಯಮಗಳಲ್ಲಿ 7 ಮೀಟರ್‌ಗಿಂತ ಚಿಕ್ಕ ಹಾಯಿದೋಣಿಗೆ ಒಂದು ರಿಯಾಯಿತಿ ಇದೆ. ಮಾಮೂಲಿ ದೀಪಗಳನ್ನು ಹಾಕಲು ಆಗದಿದ್ದರೆ ಟಾರ್ಚನ್ನೋ ಲಾಟೀನನ್ನೋ ಕೈಗೆ ಸಿಗುವಂತೆ ಇಟ್ಟುಕೊಂಡು, ಎದುರಿಗೆ ಯಾರಾದರೂ ಬಂದರೆ ಸಾಕಷ್ಟು ಮೊದಲೇ ತೋರಿಸಬೇಕು. ನನ್ನ ದೋಣಿ 20 ಅಡಿ, ಅಂದರೆ ಸುಮಾರು 6 ಮೀಟರ್. ಗೆಳೆಯ ಟಾರ್ಚ್ ಬೆಳಕನ್ನು ಹಾಯಿಯ ಮೇಲೆ ಬಿಡುತ್ತಾ ಕೂತ. ಬಿಳಿ ಹಾಯಿ ಬೆಳಗಿದರೆ ದೂರದವರಿಗೂ ಕಾಣುತ್ತದೆ. ಹಾಗೇ ದಡ ಸೇರಿದೆವು. ದಾರಿಯುದ್ದಕ್ಕೂ ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಮಲ್ಟಿಮೀಟರ್ ಹಿಡಿದು ಬಂದ. ಬ್ಯಾಟರಿ 11.8 ವೋಲ್ಟ್ ತೋರಿಸಿತು. ರಾತ್ರಿಯಿಡೀ ವಿಶ್ರಾಂತಿಯಲ್ಲಿದ್ದ ಸೀಸದ ಬ್ಯಾಟರಿ ತುಂಬಿದ್ದರೆ 12.7ರ ಆಸುಪಾಸು ಇರಬೇಕು. 12.1ಕ್ಕೆ ಬಂತು ಅಂದ್ರೆ ಅರ್ಧ ಖಾಲಿ, ಅದಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿ ಹಾಗೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ಹಿಡಿಯುವುದಿಲ್ಲ. ನಾನು ಎಷ್ಟು ವಾರದಿಂದ ಹೀಗೆ ಹಸಿವಲ್ಲಿಟ್ಟಿದ್ದೆನೋ ಏನೋ.

"ನಿನ್ನ ಪ್ಯಾನೆಲ್ ಎಷ್ಟರದು?"

"ನೂರು ವ್ಯಾಟ್."

"ಸುಳ್ಳು" ಅಂದ. ಹಾಗಂದು ಮೇಲೆ ಬೆರಳು ತೋರಿಸಿದ.

ಪ್ಯಾನೆಲ್ ಅನ್ನು ಕೋಣೆಯ ಛಾವಣಿಯ ಮೇಲೆ ನಟ್ಟನಡುವೆ ಕೂರಿಸಿದ್ದೆ. ಸಮತಟ್ಟಾದ ಜಾಗ, ಕಾಲಿಗೆ ಸಿಗುವುದಿಲ್ಲ, ನೋಡಲೂ ಚೆಂದ. ಅದರ ನೇರ ಮೇಲೆ ಬೂಮ್, ಅಂದರೆ ಹಾಯಿಯ ಕೆಳ ಅಂಚು ಹಿಡಿಯುವ ಅಡ್ಡಮರ. ದೋಣಿ ಕಟ್ಟಿಹಾಕಿದ್ದಾಗ ಹಾಯಿ ಮಡಚಿ ಆ ಮರದ ಮೇಲೇ ಇರುತ್ತದೆ, ಮೇಲೊಂದು ಹೊದಿಕೆ ಬೇರೆ. ವಾರದಲ್ಲಿ ಆರು ದಿನ ನನ್ನ ಪ್ಯಾನೆಲ್ ಆ ನೆರಳಿನಲ್ಲಿ ಮಲಗಿರುತ್ತಿತ್ತು.

ನೆರಳು ಕಾಲು ಭಾಗದ ಮೇಲೆ ಬಿದ್ದರೆ ಕಾಲು ಭಾಗ ನಷ್ಟ ಅಂದುಕೊಂಡಿದ್ದೆ. ಹಾಗಲ್ಲ. ಇಂಥ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 36 ಸೆಲ್‌ಗಳು ಒಂದರ ಹಿಂದೆ ಒಂದು ಸರಪಳಿಯಂತೆ ಇರುತ್ತವೆ. ತೋಟಕ್ಕೆ ನೀರು ಬಿಡುವ ಪೈಪನ್ನು ಎಲ್ಲಿ ತುಳಿದರೂ ತುದಿಯಲ್ಲಿ ನೀರು ಸಣ್ಣಗಾಗುತ್ತದಲ್ಲ, ಹಾಗೆ. ಒಂದು ಸೆಲ್ ಕತ್ತಲಾದರೆ ಉಳಿದವು ಅದರ ಲೆಕ್ಕಕ್ಕೇ ಇಳಿಯುತ್ತವೆ. ಅದಕ್ಕೆಂದು ಕತ್ತಲಾದ ಸೆಲ್‌ಗಳ ಪಕ್ಕದಿಂದ ಕರೆಂಟು ಹಾಯಲು ಬೈಪಾಸ್ ಡಯೋಡ್ ಹಾಕಿರುತ್ತಾರೆ, ಆದರೆ ಒಂದು ಗುಂಪು ಸೆಲ್‌ಗಳನ್ನು ಬಿಟ್ಟು ಹಾಯ್ದರೆ 12 ವೋಲ್ಟ್ ಬ್ಯಾಟರಿಗೆ ತುಂಬುವಷ್ಟು ವೋಲ್ಟೇಜೇ ಉಳಿಯುವುದಿಲ್ಲ. ಗೆಳೆಯ ಹಗ್ಗ ಕಟ್ಟಿ ಬೂಮನ್ನು ಒಂದು ಪಕ್ಕಕ್ಕೆ ಎಳೆದ. ಮೀಟರ್ ಒಂದು ಆಂಪಿಯರ್‌ಗಿಂತ ಕೆಳಗಿನಿಂದ ಐದಕ್ಕೆ ಹಾರಿತು. ಒಂದು ತುಂಡು ಹಗ್ಗ, ಅಷ್ಟೇ. ನಾನು ದೊಡ್ಡ ಪ್ಯಾನೆಲ್ ಕೊಳ್ಳಲು ಹೊರಟಿದ್ದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಐದು ಆಂಪಿಯರ್ ಬರುತ್ತಿರುವಾಗ ಕಂಟ್ರೋಲರ್ ಬಾಯಲ್ಲಿ 14.4 ವೋಲ್ಟ್ ಇತ್ತು, ಬ್ಯಾಟರಿಯ ಬಾಯಲ್ಲಿ 13.8. ನಡುವೆ ಆರು ಹತ್ತಾಂಶ ಎಲ್ಲಿ ಹೋಯಿತು? ತಂತಿ ತಿಂದಿತ್ತು. ದೀಪ ಕಣ್ಣಿಗೆ ಕಾಣಲಿ ಅಂತ ಕಂಟ್ರೋಲರ್ ಅನ್ನು ಕೋಣೆಯೊಳಗೆ ಹಾಕಿದ್ದೆ. ಬ್ಯಾಟರಿ ಹಿಂದುಗಡೆ ಚುಕ್ಕಾಣಿಯ ಹತ್ತಿರದ ಪೆಟ್ಟಿಗೆಯಲ್ಲಿ. ಸುತ್ತುಬಳಸಿ ಹೋದ ತಂತಿ ಐದು ಮೀಟರ್, ಹೋಗಿಬರಲು ಹತ್ತು, ದಪ್ಪ ಬರೀ 1.5 ಚದರ ಮಿಲಿಮೀಟರ್. ಲೆಕ್ಕ ಹಾಕಿದರೆ ಆ ತಾಮ್ರದ ಪ್ರತಿರೋಧ ಸುಮಾರು 0.115 ಓಮ್. ಐದರಿಂದ ಗುಣಿಸಿದರೆ ಕಳುವಾದ ಮಾಲು ಸಿಕ್ಕಿತು. ಪಾಪ, ಕಂಟ್ರೋಲರ್ ತನ್ನ ಬಾಯಲ್ಲಿ 14.4 ಕಂಡು "ಹೊಟ್ಟೆ ತುಂಬುತ್ತಾ ಬಂತು" ಅಂದುಕೊಂಡು ಬಡಿಸುವುದನ್ನು ಕಡಿಮೆ ಮಾಡುತ್ತಿತ್ತು. ಬ್ಯಾಟರಿ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಿತ್ತು.

ಹಾಗಾದ್ರೆ ದಪ್ಪ ತಂತಿ ಹಾಕಿದರೆ ಮುಗೀತು ಅಂದೆ. ಗೆಳೆಯ ಒಪ್ಪಲಿಲ್ಲ. "ಬ್ಯಾಟರಿ ಅಲ್ಲಿ ಯಾಕಿದೆ ಅಂತ ಮೊದಲು ಹೇಳು."

ಹೇಳಲು ನನ್ನ ಹತ್ತಿರ ಏನಿತ್ತು? ಪೆಟ್ಟಿಗೆ ಖಾಲಿ ಇತ್ತು, ಇಟ್ಟೆ. ನೂರು ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ, 28 ಕಿಲೋ. ಅದರ ಹಿಂದೆ ಹೊರಗೆ ನೇತಾಡುವ ಮೋಟಾರು ಇನ್ನೊಂದು 26 ಕಿಲೋ. ಅಲ್ಲೇ ಪಕ್ಕದಲ್ಲಿ ನಾವಿಬ್ಬರು ಕೂರುವುದು. ಎಲ್ಲರೂ ಬಸ್ಸಿನ ಹಿಂದಿನ ಸೀಟಿಗೇ ಹೋಗಿ ಕೂತ ಹಾಗಾಗಿತ್ತು. ನನ್ನ ದೋಣಿಯ ಹಿಂಬದಿಯಲ್ಲಿ ಯಾವಾಗಲೂ ಗುಳುಗುಳು ಅಂತ ಸದ್ದು ಬರುತ್ತಿತ್ತು. ವೇಗದ ಸದ್ದು ಅಂತ ಖುಷಿಪಡುತ್ತಿದ್ದೆ. ಅದು ಹಿಂಬದಿ ಮುಳುಗಿ ನೀರನ್ನು ಎಳೆದುಕೊಂಡು ಹೋಗುವ ಸದ್ದಂತೆ.

ಬ್ಯಾಟರಿಯನ್ನು ಬಿಚ್ಚಿ ಎಲ್ಲಿಡೋಣ ಅಂತ ಚರ್ಚೆ ಮಾಡುವ ಬದಲು ಅವನು ಒಂದು ಉಪಾಯ ಮಾಡಿದ. ಬ್ಯಾಟರಿಯನ್ನು ದಡದಲ್ಲಿ ಬಿಟ್ಟು ಮೂರು ಪ್ಲಾಸ್ಟಿಕ್ ಕ್ಯಾನ್ ತಂದ. ಹತ್ತು, ಹತ್ತು, ಎಂಟು ಲೀಟರ್ ನೀರು. ಲೀಟರಿಗೆ ಒಂದು ಕಿಲೋ, ಒಟ್ಟು 28. ಹಗಲು, ತೆಳು ಗಾಳಿ, ದೀಪವೂ ಬೇಡ ರೇಡಿಯೋವೂ ಬೇಡ, ಕೈಯಲ್ಲಿ ಚುಕ್ಕಾಣಿ. ಕ್ಯಾನ್‌ಗಳನ್ನು ಜಾಗ ಬದಲಿಸುತ್ತಾ ಹೋದೆವು.

ಆ ಮಧ್ಯಾಹ್ನ ನನಗೆ ದೋಣಿಯ ಬಗ್ಗೆ ಮೂರು ವರ್ಷದಲ್ಲಿ ತಿಳಿಯದ್ದು ತಿಳಿಯಿತು. ಹಿಂದೆ ಇಟ್ಟಾಗ ಗುಳುಗುಳು. ಮೂತಿಯ ಹತ್ತಿರ ಇಟ್ಟಾಗ ಸದ್ದು ನಿಂತಿತು, ಆದರೆ ಪ್ರತಿ ಅಲೆಗೂ ಮೂತಿ ದಬಕ್ ಅಂತ ಕೆಳಗೆ ಹೋಗುತ್ತಿತ್ತು, ಏಳಲು ಸೋಮಾರಿತನ. ತುದಿಯಲ್ಲಿರುವ ಭಾರ ಏತದ ಹಾಗೆ ದೋಣಿಯನ್ನು ತೂಗಿಸುತ್ತದೆ. ಬಲಗಡೆ ಮಲಗುವ ಹಲಗೆಯ ಕೆಳಗೆ ಇಟ್ಟಾಗ ಕಣ್ಣಿಗೆ ಕಾಣುವಷ್ಟು ವಾಲಿತು. ಕೂವೆಮರದ ಬುಡಕ್ಕೆ ಸ್ವಲ್ಪ ಹಿಂದೆ, ನಟ್ಟನಡುವೆ, ನೆಲಕ್ಕೆ ಹತ್ತಿರ ಇಟ್ಟಾಗ ದೋಣಿ ನಿರಾಳವಾಗಿ ಉಸಿರು ಬಿಟ್ಟ ಹಾಗಾಯಿತು. ಬ್ಯಾಟರಿ ಅಂದ್ರೆ ಕರೆಂಟು ಅಂತಲೇ ಅಂದುಕೊಂಡಿದ್ದೆ. ದೋಣಿಯ ಪಾಲಿಗೆ ಅದು ಮೊದಲು ಕಲ್ಲು.

ಅಷ್ಟು ಕೆಳಗೆ ಇಡುವುದೂ ತಕರಾರಿನ ವಿಷಯ. ದೋಣಿಯ ತಳದಲ್ಲಿ ನೀರು ಸೇರುತ್ತಲೇ ಇರುತ್ತದೆ. ಉಪ್ಪುನೀರು ಬ್ಯಾಟರಿಯೊಳಗೆ ಹೋದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಹಿಂದಿನ ಕಾಲದ ಸಬ್‌ಮೆರೀನ್ ನಾವಿಕರು ಇದಕ್ಕೇ ಹೆದರುತ್ತಿದ್ದರು. ಅದಕ್ಕೆ ಒಂದು ಗೇಣು ಎತ್ತರಕ್ಕೆ ಹಲಗೆ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ, ಪಟ್ಟಿಯಿಂದ ಬಿಗಿದೆವು. ದೋಣಿ ಪೂರ್ತಿ ಮಗ್ಗುಲಾದರೂ ಅಲುಗಬಾರದು. 28 ಕಿಲೋದ ಆಸಿಡ್ ಪೆಟ್ಟಿಗೆ ಕೋಣೆಯೊಳಗೆ ಹಾರಾಡುವುದನ್ನು ಊಹಿಸಿಕೊಳ್ಳಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದು ಹಗುರ, ಮೇಲಕ್ಕೆ ಹೋಗುತ್ತದೆ. ಹಾಗಾಗಿ ಪೆಟ್ಟಿಗೆಯ ಮುಚ್ಚಳದಲ್ಲಿ ಗಾಳಿದಾರಿ ಬಿಟ್ಟೆವು. ಪ್ಲಸ್ ತುದಿಯಿಂದ ಗೇಣಿನೊಳಗೇ ಫ್ಯೂಸ್. ಕಂಟ್ರೋಲರ್ ಈಗ ಬ್ಯಾಟರಿಯಿಂದ ಅರ್ಧ ಮೀಟರ್ ದೂರದಲ್ಲಿದೆ, ತಂತಿ 6 ಚದರ ಮಿಲಿಮೀಟರ್. ದೀಪ ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯದೇ ಆಯಿತು.

ಲಿಥಿಯಂ ಹಾಕಿಬಿಡು, ಅರ್ಧಕ್ಕಿಂತ ಕಡಿಮೆ ತೂಕ ಅಂತ ಹೇಳಿದವರಿದ್ದಾರೆ. ನಿಜವೇ. ಆದರೆ ನೆರಳಿನಲ್ಲಿರುವ ಪ್ಯಾನೆಲ್ ಲಿಥಿಯಂ ಬ್ಯಾಟರಿಯನ್ನೂ ಉಪವಾಸವೇ ಇಡುತ್ತದೆ.

ಪ್ಯಾನೆಲ್ ಹಿಂಬದಿಯ ಕಂಬಿಯ ಮೇಲೆ, ಬೂಮ್ ಮುಟ್ಟದ ಕಡೆ ಹೋಯಿತು. 28 ಕಿಲೋ ಮುಂದೆ ತಂದು ಏಳು ಕಿಲೋ ಹಿಂದೆ ಹಾಕಿದಂತಾಯಿತು, ನಗಬೇಡಿ. ಅಲ್ಲಿಂದ ಕಂಟ್ರೋಲರ್‌ಗೆ ಈಗಲೂ ಉದ್ದ ತಂತಿಯೇ. ಆ ಕಡೆಯ ನಷ್ಟಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಪ್ಯಾನೆಲ್ ಸುಮಾರು 18 ವೋಲ್ಟ್‌ವರೆಗೆ ಕೊಡಬಲ್ಲದು, ನನ್ನದು ಬ್ಯಾಟರಿಗೆ ಬೇಕಾದ್ದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಬಳಸಿಕೊಳ್ಳದ ಸಾದಾ ಪಿಡಬ್ಲ್ಯೂಎಂ ಬಗೆಯ ಕಂಟ್ರೋಲರ್, ಅರ್ಧ ವೋಲ್ಟ್ ಹೋದರೂ ಇನ್ನೂ ಮಿಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಎಡವಟ್ಟು ನನ್ನದೇ. ದೀಪ ಹಾಕಿದಾಗಲೆಲ್ಲ ದಿಕ್ಸೂಚಿ ಏಳೆಂಟು ಡಿಗ್ರಿ ತಿರುಗುತ್ತಿತ್ತು. ಪ್ಲಸ್ ತಂತಿಯನ್ನು ಅದರ ಒಂದು ಪಕ್ಕ, ಮೈನಸ್ ತಂತಿಯನ್ನು ಇನ್ನೊಂದು ಪಕ್ಕ ಎಳೆದಿದ್ದೆ. ಕರೆಂಟು ಹರಿದಾಗ ಅದು ಆಯಸ್ಕಾಂತವಾಗುತ್ತಿತ್ತು. ಎರಡನ್ನೂ ಜಡೆಯ ಹಾಗೆ ಹೆಣೆದು ಒಂದೇ ಕಡೆ ಒಯ್ದ ಮೇಲೆ ಮುಳ್ಳು ತೆಪ್ಪಗಾಯಿತು.

ಸಲ್ಫೇಟ್ ಕೂತ ಹಳೆಯ ಬ್ಯಾಟರಿ ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಬದಲಿಸಬೇಕಾಯಿತು. ಹೊಸದು ಹಾಕಿದ ವಾರದ ನಂತರ ಬೆಳಕು ಹರಿಯುವ ಮೊದಲೇ ಹೋಗಿ ಮೀಟರ್ ಹಿಡಿದೆ. 12.7. ಗೆಳೆಯ ರೇಡಿಯೋ ಗುಂಡಿ ಒತ್ತಿ ಹಲೋ ಅಂದ, ಪೆಟ್ಟಿಗೆ ಆರಲಿಲ್ಲ.

ಮೂರು ಕ್ಯಾನ್ ಮಾತ್ರ ಇನ್ನೂ ದೋಣಿಯಲ್ಲೇ ಇವೆ. ಕುಡಿಯುವ ನೀರಿಗೆ ಅಂತ ಇಟ್ಟುಕೊಂಡೆ. ಎಲ್ಲಿಡಬೇಕು ಅಂತ ಪ್ರತಿ ಸಲ ಹೊರಡುವಾಗ ಇಬ್ಬರಿಗೂ ಜಗಳ.