ಹೌದು, ಕಾರ್ಟೂನ್ ನೋಡಿ ಅಳ್ತೀನಿ

ಪ್ರಶ್ನೆ ಒಂದೇ, ಕೇಳುವ ಬಾಯಿಗಳು ಬೇರೆ ಬೇರೆ. "ಅಣ್ಣಾ, ಮೂವತ್ತಾರು ವರ್ಷ ಆಯ್ತು, ಇನ್ನೂ ಬೊಂಬೆ ಪಿಚ್ಚರ್ ನೋಡ್ಕಂಡು ಅಳ್ತೀಯಂತೆ?" ಮಂಡಿಯ ಹಮಾಲರು ಕೇಳ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತ ಭಾವ ಕೇಳ್ತಾರೆ. ಹೆಣ್ಣು ನೋಡೋಕೆ ಹೋದ ಮನೆಯಲ್ಲಿ ಹುಡುಗಿಯ ಚಿಕ್ಕಪ್ಪನೂ ಕೇಳಿದರು. ಆ ಸಂಬಂಧ ಕೂಡಿ ಬರಲಿಲ್ಲ. ಜಾತಕ ಅಂದರು, ಇರಲಿ.

ನನಗೆ ಉರಿಯೋದು ಆ "ಅಂತೆ"ಗೆ. ಪ್ರಶ್ನೆ ಕೇಳೋ ಮೊದಲೇ ತೀರ್ಪು ಬರೆದಿಟ್ಟುಕೊಂಡು ಬಂದಿರ್ತಾರೆ. ಸಂಜೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸಿದರೆ ಮನೆ ಮಂದಿಯೆಲ್ಲ ಟವಲ್ ಒದ್ದೆ ಮಾಡ್ಕೊಂಡು ಕೂರ್ತೀರಿ, ಅದಕ್ಕೆ "ಅಂತೆ" ಇಲ್ಲ. ನಾನು ಅತ್ತರೆ ಕೋಲಾರದಿಂದ ಮುಳಬಾಗಿಲು ತನಕ ಸುದ್ದಿ.

ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡ್ತೀನಿ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸ್ತೀನಿ.

ನಾನು ನೋಡೋದು ಮೈ ಹೀರೋ ಅಕಾಡೆಮಿಯಾ. ಕೊಹೇ ಹೊರಿಕೋಶಿ ಅನ್ನೋ ಜಪಾನಿನ ಚಿತ್ರಕಾರ 2014ರಿಂದ 2024ರ ತನಕ ವಾರಪತ್ರಿಕೆಯಲ್ಲಿ ಬರೆದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. 2016ರಿಂದ ಆನಿಮೆ ಆಗಿ, ಅಂದರೆ ನೀವು ಅನ್ನೋ ಬೊಂಬೆ ಪಿಚ್ಚರ್ ಆಗಿ ಬಂತು. ಆ ಲೋಕದಲ್ಲಿ ನೂರಕ್ಕೆ ಎಂಬತ್ತು ಜನಕ್ಕೆ ಹುಟ್ಟಿನಿಂದಲೇ ಏನಾದರೊಂದು ಶಕ್ತಿ. ಒಬ್ಬ ಬೆಂಕಿ ಉಗುಳ್ತಾನೆ, ಒಬ್ಬಳು ಮುಟ್ಟಿದ್ದು ಗಾಳಿಯಲ್ಲಿ ತೇಲುತ್ತೆ. ಇಜುಕು ಮಿಡೋರಿಯಾ ಅನ್ನೋ ಹುಡುಗನಿಗೆ ಏನೂ ಇಲ್ಲ. ನಾಲ್ಕು ವರ್ಷದ ಮಗುವನ್ನ ತಾಯಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾಳೆ. ಡಾಕ್ಟರು ಕಾಲಿನ ಕಿರುಬೆರಳಿನ ಎಕ್ಸ್‌ರೇ ತೋರಿಸಿ, ಇಲ್ಲಿ ಎರಡು ಗೆಣ್ಣು ಇದೆ, ಇವನಿಗೆ ಶಕ್ತಿ ಬರಲ್ಲ ಅಂತಾರೆ. ಹುಡುಗನ ಕೈಯಿಂದ ಆಟದ ಬೊಂಬೆ ಕೆಳಗೆ ಬೀಳುತ್ತೆ.

ಇಲ್ಲಿಗೆ ನಿಮ್ಮ ಉತ್ತರ ಮುಗೀಬೇಕಿತ್ತು. ಮುಗಿಯಲ್ಲ, ಯಾಕಂದರೆ ನನ್ನ ಕೈಯಿಂದಲೂ ಒಂದು ಬಿದ್ದಿದೆ.

ನಮ್ಮ ಮನೆ ಬಂಗಾರಪೇಟೆಯಲ್ಲಿ, ರೈಲ್ವೆ ಲೈನಿಗೆ ಹತ್ತಿರ. ಮಾರಿಕುಪ್ಪಂ ಗಾಡಿ ಹಾರ್ನ್ ಹಾಕಿದರೆ ನಮ್ಮನೆ ತಟ್ಟೆಗಳು ಸ್ಟ್ಯಾಂಡಿನಲ್ಲಿ ಸದ್ದು ಮಾಡ್ತಿದ್ದವು. ಗಾಡಿ ಓಡಿಸಬೇಕು ಅನ್ನೋದೊಂದು ಬಿಟ್ಟು ನನಗೆ ಬೇರೆ ಆಸೆ ಇರಲಿಲ್ಲ. ಐಟಿಐ ಮಾಡಿದೆ, ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆ ಬರೆದು ಪಾಸಾದೆ, ಮೆಡಿಕಲ್‌ಗೆ ಕರೆ ಬಂತು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಡಾಕ್ಟರು ಒಂದು ಪುಸ್ತಕ ತೆಗೆದರು. ಹಾಳೆ ತುಂಬ ಬಣ್ಣದ ಚುಕ್ಕೆ, ಚುಕ್ಕೆಗಳ ನಡುವೆ ಅಡಗಿರೋ ಅಂಕಿ ಓದಬೇಕು. ಮೊದಲನೇ ಹಾಳೆ, "ಹನ್ನೆರಡು" ಅಂದೆ. ಸರಿ. ಎರಡನೇದು, "ಮೂರು." ಅವರು ತಲೆ ಎತ್ತಿ ಇನ್ನೊಂದು ಸಲ ನೋಡು ಅಂದರು. ಇನ್ನೂ ಗಟ್ಟಿಯಾಗಿ "ಮೂರು ಸರ್" ಅಂದೆ. ಅಲ್ಲಿರೋದು ಎಂಟು. ಕೆಂಪು ಹಸಿರು ಬೇರೆ ಮಾಡೋಕೆ ಆಗದ ಕಣ್ಣಿಗೆ ಮಾತ್ರ ಅದು ಮೂರಾಗಿ ಕಾಣುತ್ತೆ. ಮೊದಲನೇ ಹಾಳೆಯ ಹನ್ನೆರಡು ನನ್ನಂಥವರಿಗೂ ಕಾಣುತ್ತಂತೆ, ಸಮಾಧಾನಕ್ಕೆ ಇಟ್ಟಿರಬೇಕು. ಸಿಗ್ನಲ್ ಕೆಂಪೋ ಹಸಿರೋ ಗೊತ್ತಾಗದವನ ಕೈಗೆ ಸಾವಿರಾರು ಜನರ ಗಾಡಿ ಕೊಡೋಕಾಗಲ್ಲ. ಡಾಕ್ಟರು ಮಾಡಿದ್ದು ಸರಿ, ನಾನೇ ಆಗಿದ್ದರೂ ಕೊಡ್ತಿರಲಿಲ್ಲ. ಆ ಚುಕ್ಕೆ ಪುಸ್ತಕ ಮಾಡಿದವರು ಇಶಿಹಾರ ಅಂತ, ಅವರೂ ಜಪಾನಿನವರೇ, 1917ರಲ್ಲಿ. ತುಂಬ ದಿನ ಆ ದೇಶದ ಮೇಲೇ ನನಗೆ ಸಿಟ್ಟಿತ್ತು.

ಈಗ ಏನು ಮಾಡ್ತೀನಿ ಗೊತ್ತಾ? ಕೋಲಾರ ಎಪಿಎಂಸಿಯಲ್ಲಿ ಟೊಮ್ಯಾಟೊ ಮಂಡಿಯೊಂದರಲ್ಲಿ ಲೆಕ್ಕ ಬರೀತೀನಿ. ನಗಿ. ಕೆಂಪು ಹಸಿರು ಕಾಣದವನು ಟೊಮ್ಯಾಟೊ ನಡುವೆ. ಹದಿನೈದು ಕೇಜಿ ಬಾಕ್ಸಿನಲ್ಲಿ ಹಣ್ಣೆಷ್ಟು, ದೋರೆ ಎಷ್ಟು, ಕಾಯೆಷ್ಟು ಅಂತ ಹಮಾಲರು ನಿಂತ ಜಾಗದಿಂದಲೇ ಹೇಳ್ತಾರೆ. ನಾನು ಬೆರಳಲ್ಲಿ ಒತ್ತಿ, ತೊಟ್ಟಿನ ಹತ್ತಿರ ಮೂಸಿ ಹೇಳ್ತೀನಿ. ತಪ್ಪಾದರೆ ಇಡೀ ಹರಾಜು ಕಟ್ಟೆ ನಗುತ್ತೆ.

2020ರ ಲಾಕ್‌ಡೌನ್‌ನಲ್ಲಿ ಅಕ್ಕನ ಮಗಳು ನಮ್ಮನೆಯಲ್ಲೇ ಉಳಿದುಕೊಂಡಿದ್ದಳು. ಅವಳ ಮೊಬೈಲಲ್ಲಿ ಮೊದಲ ಸಲ ನೋಡಿದ್ದು. ಡಾಕ್ಟರ ಹತ್ತಿರದಿಂದ ಬಂದ ಮಗು ಕತ್ತಲೆ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ತನ್ನ ಹೀರೋ ಆಲ್ ಮೈಟ್ ಜನರನ್ನ ಕಾಪಾಡಿದ ಹಳೇ ವಿಡಿಯೋ ನೋಡ್ತಾ, ಕಣ್ಣಲ್ಲಿ ನೀರು ತುಂಬ್ಕೊಂಡು, ನಾನೂ ಹೀಗಾಗಬಹುದಾ ಅಂತ ಅಮ್ಮನನ್ನ ಕೇಳುತ್ತೆ. ಅಮ್ಮ ಓಡಿ ಬಂದು ತಬ್ಬಿಕೊಂಡು ಕ್ಷಮಿಸು ಕ್ಷಮಿಸು ಅಂತ ಅಳ್ತಾಳೆ. ಹುಡುಗ ಮನಸ್ಸಿನಲ್ಲೇ ಅಂದ್ಕೋತಾನೆ, ನನಗೆ ಬೇಕಿದ್ದ ಮಾತು ಇದಲ್ಲ ಅಮ್ಮಾ ಅಂತ.

ಮೊಬೈಲ್ ಅಕ್ಕನ ಮಗಳ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಅಲ್ಲಿಂದ ಶುರುವಾಯ್ತು ನೋಡಿ ಈ "ಅಂತೆ".

ಆ ಹುಡುಗನ ಕೂದಲು ಹಸಿರು ಅಂತ ಅವಳು ಹೇಳಿದ್ದು ಆಮೇಲೆ. ಮಿಡೋರಿಯಾ ಅನ್ನೋ ಹೆಸರಲ್ಲೇ ಜಪಾನಿ ಭಾಷೆಯ ಹಸಿರು ಇದೆಯಂತೆ. ನನಗೆ ಅದು ಇವತ್ತಿಗೂ ಒಣಗಿದ ಕೊಬ್ಬರಿ ಚಿಪ್ಪಿನ ಬಣ್ಣ.

ಬುದ್ಧಿವಂತರದ್ದೊಂದು ಅಡ್ಡಪ್ರಶ್ನೆ ಇದೆ. "ಅವನಿಗೆ ಕೊನೆಗೂ ಶಕ್ತಿ ಸಿಕ್ತಲ್ಲ, ನಿನಗೇನು ಸಿಕ್ತು?" ಸಿಕ್ತು, ಒಪ್ಪಿದೆ. ಆದರೆ ಯಾವಾಗ? ದಿನಾ ಇವನಿಗೆ ಕಾಟ ಕೊಡ್ತಿದ್ದ ಬಾಕುಗೋವನ್ನ ಕೆಸರಿನ ರಾಕ್ಷಸ ಹಿಡಿದು ಉಸಿರು ಕಟ್ಟಿಸ್ತಿರ್ತಾನೆ, ಶಕ್ತಿ ಇರುವ ಹೀರೋಗಳೆಲ್ಲ ನಿಂತು ನೋಡ್ತಿರ್ತಾರೆ. ಬೆನ್ನಿಗೆ ಸ್ಕೂಲ್ ಬ್ಯಾಗ್ ಬಿಟ್ಟು ಏನೂ ಇಲ್ಲದ ಈ ಪೆದ್ದ ಓಡ್ತಾನೆ. ಆಲ್ ಮೈಟ್ ಅದನ್ನ ನೋಡಿದ ಮೇಲೆ ತಾನೇ ತನ್ನ ಶಕ್ತಿ ಕೊಡೋ ಮಾತಾಡಿದ್ದು? ಕೊಟ್ಟರೂ ಏನು, ಮೊದಮೊದಲು ಬಳಸಿದಾಗೆಲ್ಲ ಮೂಳೆ ಮುರೀತಿತ್ತು. ಕಥೆಯ ಕೊನೆಗೆ ಅದೂ ಹೋಗುತ್ತೆ, ಇಜುಕು ತಾನು ಓದಿದ ಶಾಲೆಯಲ್ಲೇ ಮೇಷ್ಟ್ರಾಗ್ತಾನೆ. ಹೀಗೆ ಮಾಡಿದ್ದಕ್ಕೆ ತುಂಬ ಜನ ಬೈದರು. ಮಂಡಿಯಲ್ಲಿ ಲೆಕ್ಕ ಬರೆಯೋನಿಗೆ ಅದರಲ್ಲಿ ಬೈಯೋಂಥದ್ದೇನೂ ಕಾಣಲಿಲ್ಲ.

ಯಾಕೆ ಅಳ್ತೀಯ ಅಂತ ಕೇಳೋರು, ಮೆಡಿಕಲ್ ಮುಗಿಸಿ ಮನೆಗೆ ಬಂದ ದಿನ ನಿಮ್ಮಮ್ಮನಿಗೆ ಏನಂದೆ ಅಂತ ಒಂದು ಸಲ ಕೇಳಿದ್ದರೆ ಚೆನ್ನಾಗಿತ್ತು.

ಏನೂ ಅನ್ನಲಿಲ್ಲ. ಇದು ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರೋದು ಅಂತ ಪಕ್ಕದ ಮನೆಯ ಬಿಎಸ್ಸಿ ಓದೋ ಹುಡುಗ ಅಮ್ಮನ ಮುಂದೆಯೇ ವಿವರಿಸಿದ. ಅಮ್ಮನ ಅಪ್ಪ ಒಮ್ಮೆ ಮಾವಿನಕಾಯಿ ತರೋಕೆ ಹೋಗಿ ಹಣ್ಣು ತಂದಿದ್ದರಂತೆ, ನಮ್ಮ ಮನೆಯಲ್ಲಿ ಅದೊಂದು ಹಳೇ ನಗೆಮಾತು. ಅವತ್ತು ಯಾರೂ ನಗಲಿಲ್ಲ. ಅಮ್ಮ ಸೆರಗಿಗೆ ಕೈ ಒರೆಸ್ಕೊಂಡು, "ಅಂಗಾದ್ರೆ ನನ್ನಿಂದಾನಾ ಮಗಾ?" ಅಂದಳು. ನಾನು ಚಪ್ಪಲಿ ಮೆಟ್ಕೊಂಡು ಸ್ಟೇಷನ್ನಿಗೆ ಹೋಗಿ, ರಾತ್ರಿ ಗಾಡಿ ಹೋಗೋ ತನಕ ಬೆಂಚಿನ ಮೇಲೆ ಕೂತಿದ್ದೆ.

ಮೂರನೇ ಸೀಸನ್‌ನಲ್ಲಿ ಆಲ್ ಮೈಟ್‌ನ ದೊಡ್ಡ ಕಾಳಗ ಇದೆ, ಎಲ್ಲರೂ ಕೊಂಡಾಡೋದು ಅದನ್ನೇ. ನನಗೆ ಬೇಕಾದ್ದು ಅದು ಮುಗಿದ ಮೇಲಿನ ಮಾತುಕತೆ. ಶಕ್ತಿ ಬತ್ತಿ ಅಸ್ಥಿಪಂಜರದ ಹಾಗಾಗಿರುವ ಆಲ್ ಮೈಟ್ ಇಜುಕು ಮನೆಗೆ ಬರ್ತಾನೆ. ಮಗನ ಮುರಿದ ಕೈ ನೋಡಿ ಸಾಕಾದ ತಾಯಿ, ಇನ್ನು ಆ ಶಾಲೆಗೆ ಕಳಿಸಲ್ಲ ಅಂತಾಳೆ. ದೇಶದ ನಂಬರ್ ಒನ್ ಹೀರೋ ಆ ಪುಟ್ಟ ಹಾಲ್‌ನಲ್ಲಿ ಹಣೆ ನೆಲಕ್ಕೆ ಹಚ್ಚಿ ಅಡ್ಡ ಬೀಳ್ತಾನೆ.

ಹೋದ ವರ್ಷ ಮತ್ತೆ ಅದನ್ನ ನೋಡ್ತಿದ್ದಾಗ ಅಮ್ಮ ಸಾರಿಗೆ ಟೊಮ್ಯಾಟೊ ಹೆಚ್ಚೋಕೆ ಪಕ್ಕದಲ್ಲಿ ಕೂತಳು.

"ಯಾರೋ ಅದು, ಅಡ್ಡ ಬಿದ್ದಿರೋನು?"

"ಅವನೇ ಎಲ್ಲರಿಗಿಂತ ದೊಡ್ಡ ಹೀರೋ."

"ಇಷ್ಟು ಸಣ್ಣಕವ್ನೆ?"

"ಏಟು ಬಿದ್ದು ಜಠರಾನೇ ತೆಗೆದುಬಿಟ್ಟವ್ರೆ."

"ಆಯಮ್ಮ ಅವನಿಗೆ ಊಟಕ್ಕಿಕ್ಕಿದಳಾ?"

ಆಗ ಹೇಳಿದೆ. "ಅಮ್ಮಾ, ಕಣ್ಣಿಂದು ನಿನ್ನ ತಪ್ಪಲ್ಲ."

ಅಮ್ಮ ಈಳಿಗೆಮಣೆ ಪಕ್ಕದಿಂದ ಎರಡು ಟೊಮ್ಯಾಟೊ ಎತ್ತಿ ನನ್ನ ಮುಂದೆ ಹಿಡಿದಳು. "ಮುಟ್ಟಬೇಡ. ಹಣ್ಣ್ಯಾವ್ದು ಹೇಳು."

ಎಡಗೈದು ಅಂದೆ.

"ಎರಡೂ ಹಣ್ಣೇ ಕಣೋ," ಅಂದು ಹೆಚ್ಚೋಕೆ ಶುರು ಮಾಡಿದಳು.